ಬಾವುಟದ ಕೆಳಗೆ ನಿಂತವರು

ಮಗನ ಮನೆಗೆಂದು 2012ರ ಬೇಸಿಗೆಯಲ್ಲಿ ಜರ್ಮನಿಯ ಎರ್ಲಾಂಗೆನ್ ನಗರಕ್ಕೆ ಹೋಗಿದ್ದೆ. ಜುಲೈ 2ರ ಸಂಜೆ ಸಮೀಪದ ಹಳ್ಳಿಯೊಂದರಲ್ಲಿ ಅಡ್ಡಾಡುತ್ತಿದ್ದಾಗ, ಅಗ್ನಿಶಾಮಕ ಠಾಣೆಯ ಮುಂದೆ ಕೆಂಪು-ಬಿಳಿ ಬಾವುಟವೊಂದು ಹಾರಾಡುತ್ತಿತ್ತು. ಅದರ ಗುರಾಣಿಯಲ್ಲಿ, ನಮ್ಮ ಹೊಲದ ಹಲುಬೆಯನ್ನು ಮಗುಚಿಟ್ಟಂತೆ, ಮೂರು ಬಿಳಿಯ ಮೊನೆಗಳು. ಅದು ಜರ್ಮನಿಯ ಧ್ವಜವಲ್ಲ. ಬವೇರಿಯಾ ರಾಜ್ಯದ ನೀಲಿ-ಬಿಳಿ ಧ್ವಜವೂ ಅಲ್ಲ. ಫ್ರಾಂಕೋನಿಯಾ ಸೀಮೆಯದೆಂದು ಮಗ ಹೇಳಿದ. ನೆಪೋಲಿಯನ್ನನ ಕಾಲದ ಏರುಪೇರುಗಳಲ್ಲಿ ಬವೇರಿಯಾದೊಳಗೆ ಸೇರಿಹೋದ ಸೀಮೆಯಿದು. 1500ರ ಜುಲೈ 2ರಂದು ತಮ್ಮ ನಾಡು ಸಾಮ್ರಾಜ್ಯದ ಒಂದು ಆಡಳಿತ ವಲಯವಾದುದರ ನೆನಪಿಗೆ, 2006ರಿಂದ ಅಲ್ಲಿಯ ಜನ ‘ಫ್ರಾಂಕೋನಿಯಾ ದಿನ’ವನ್ನು ಆಚರಿಸುತ್ತಾರೆ. ನಮ್ಮ ರಾಜ್ಯೋತ್ಸವವಿದ್ದಂತೆ.

ನನ್ನನ್ನು ಹೆಚ್ಚು ಕಾಡಿದ್ದು ಆ ಠಾಣೆ. ಅಲ್ಲಿ ಸಂಬಳದ ನೌಕರರಿಲ್ಲ. ಜರ್ಮನಿಯಲ್ಲಿ ವೃತ್ತಿನಿರತ ಅಗ್ನಿಶಾಮಕ ದಳಗಳಿರುವುದು ಸುಮಾರು ನೂರು ನಗರಗಳಲ್ಲಿ ಮಾತ್ರ. ಉಳಿದೆಡೆ ಊರಿನವರೇ ಸ್ವಯಂಸೇವಕರು. 112ಕ್ಕೆ ಕರೆ ಬಂದೊಡನೆ ಅವರ ಸೊಂಟದ ಪೇಜರ್ ಕೂಗುತ್ತದೆ. ಬಡಗಿ ಉಳಿಯನ್ನೂ ರೈತ ಹಾಲು ಕರೆಯುವುದನ್ನೂ ಬಿಟ್ಟು ಓಡುತ್ತಾರೆ.

ಆ ಬಾವುಟದ ಕೆಳಗೆ ನಿಂತಾಗ 1982ರ ನವೆಂಬರ್ 1 ನೆನಪಾಯಿತು. ಶಾಲೆಯಂಗಳದಲ್ಲಿ ಹಳದಿ-ಕೆಂಪು ಬಾವುಟವೇರಿಸಿ, ನಾಡುನುಡಿಯ ಕುರಿತು ನಾನು ಭಾಷಣ ಮಾಡುತ್ತಿದ್ದೆ. ಕೇರಿಯ ಕಡೆ ಹೊಗೆಯೆದ್ದಿತು. ಹಿಂದಿನ ಸಾಲಿನ ದೊಡ್ಡ ಹುಡುಗರು ಚಡಪಡಿಸಿದರು. ಶಿಸ್ತು ಕೆಡಬಾರದೆಂದು ಅವರನ್ನು ಗದರಿಸಿ ನಿಲ್ಲಿಸಿದೆ, ಮಾತು ಮುಗಿಸಿದೆ. ಉರಿದದ್ದು ಅದೇ ಸಾಲಿನಲ್ಲಿ ನಿಂತಿದ್ದ ಹುಡುಗನೊಬ್ಬನ ಗುಡಿಸಲು. ಜೀವಹಾನಿಯಾಗಲಿಲ್ಲ, ಆದರೆ ಕಾಳಿನ ಚೀಲಗಳೂ ಅವನ ಪುಸ್ತಕಗಳೂ ಬೂದಿಯಾದವು. ಆ ಹುಡುಗ ನನ್ನನ್ನು ಒಂದು ದಿನವೂ ದೂರಲಿಲ್ಲ. ಅದೇ ನನಗೆ ಭಾರವಾಗಿ ಉಳಿದಿದೆ.

ಹತ್ತು ಕೊಡ ನೀರಿನಿಂದ ಆ ಮನೆ ಉಳಿಯುತ್ತಿತ್ತೋ ಇಲ್ಲವೋ, ಹೇಳಲಾರೆ. ಆದರೆ ಅಂದು ನಾನು ಹೊಗಳುತ್ತಿದ್ದ ನಾಡು ಕೂಗಳತೆಯಲ್ಲಿಯೇ ಉರಿಯುತ್ತಿತ್ತು. ಆ ಫ್ರಾಂಕೋನಿಯಾದ ಹಳ್ಳಿಗರಿಗೆ ಬಾವುಟವೇರಿಸುವ ಕೈಯೂ ನೀರು ಹಿಡಿಯುವ ಕೈಯೂ ಒಂದೇ.

ನನ್ನ ವಿದ್ಯಾರ್ಥಿಗಳೇ, ಅಭಿಮಾನದ ಪಾಠವನ್ನು ನಿಮಗೆ ಅರ್ಧವಷ್ಟೇ ಕಲಿಸಿದ್ದೆ. ಉಳಿದರ್ಧ ಇದು: ಹೊಗೆ ಕಂಡರೆ ಭಾಷಣ ನಿಲ್ಲಿಸಿ, ಓಡಿ.