ಅಸಲಿ ಚಿಟ್ಟೆ, ನಕಲಿ ಚಿಟ್ಟೆ

ವೈಶಾಖದಲ್ಲಿ ಪಾತರಗಿತ್ತಿ ನೋಡಬೇಕೆಂದರೆ ಬೆಳಿಗ್ಗೆಯೇ ಹೊರಡಬೇಕು. ಬಿಸಿಲು ನೆತ್ತಿಗೇರಿದರೆ ಅವೂ ನೆರಳು ಹುಡುಕುತ್ತವೆ, ನನ್ನಂಥ ಮುದುಕರೂ.

ಆಳಂದ, ಅಫಜಲಪುರ, ಜೇವರ್ಗಿ ಎಲ್ಲಿಗೆ ಹೋದರೂ ನಾನು ಮೊದಲು ನಿಲ್ಲುವುದು ಎಕ್ಕದ ಗಿಡದ ಬಳಿ. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಮೊಟ್ಟೆ ಇಡುವುದು ಅಲ್ಲೇ. ಮರಿಹುಳು ವಿಷದ ಎಲೆ ತಿಂದು ಬೆಳೆಯುವುದರಿಂದ ಹಕ್ಕಿಗಳಿಗೆ ಈ ಚಿಟ್ಟೆ ರುಚಿಸದು. ಡನಾಯ್ಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣಿಗೆ ಆ ವಿಷವಿಲ್ಲ, ವೇಷ ಮಾತ್ರ ಅದೇ! ಅದರ ಗಂಡಿಗೋ ಕಪ್ಪು ರೆಕ್ಕೆಯ ಮೇಲೆ ಬಿಳಿ ಬೊಟ್ಟು. ಇಬ್ಬರೂ ಗಂಡಹೆಂಡಿರೆಂದರೆ ಯಾರೂ ನಂಬರು.

ಅಮರ್ಜಾ ನದಿ ಭೀಮೆಯನ್ನು ಕೂಡುವ ಗಾಣಗಾಪುರದ ಸಂಗಮದಲ್ಲಿ ಮೊಮ್ಮಗಳು, "ಅಜ್ಜಾ, ಟೈಗರ್ ಬರಕೋ" ಎಂದಳು.

"ತಡಿ ನನ್ನವ್ವಾ, ಖೋಟಾ ನೋಟು ಇದ್ದೀತು. ಹಿಂದಿನ ರೆಕ್ಕಿ ಚುಕ್ಕಿ ಎಣಿಸು."

ನಡುವೆ ಮೂರು-ನಾಲ್ಕು ಕಪ್ಪು ಚುಕ್ಕೆಯಿದ್ದರೆ ಅಸಲಿ. ಇದಕ್ಕೆ ಮೇಲಂಚಿನಲ್ಲಿ ಒಂದೇ ಇತ್ತು.

ದಿನಾಂಕ, ವೇಳೆ, ಊರು, ಗಿಡ, ಎಣಿಕೆ: ನಮ್ಮ ನೋಟ್‌ಬುಕ್ಕಿನಲ್ಲಿ ಐದು ಕಾಲಂ. ಗುರುತು ಸಿಗುವ ಮೊದಲೇ ಹಾರಿಹೋದದ್ದಕ್ಕೆ ಪ್ರಶ್ನೆ ಚಿಹ್ನೆ. ಊಹಿಸಿ ಬರೆಯುವಂತಿಲ್ಲ, ಲೆಡ್ಜರಿನಲ್ಲಿ ಬರೆಯುತ್ತಿದ್ದೆನೇ?

ಜೇವರ್ಗಿ ದಾರಿಯ ಎಕ್ಕದ ಸಾಲಿನಲ್ಲಿ ಹೋದ ವರ್ಷ ಹನ್ನೊಂದು ಪ್ಲೇನ್ ಟೈಗರ್ ಕಂಡಿದ್ದವು. ರಸ್ತೆ ಅಗಲವಾಗಿದೆ, ಸಾಲು ಹೋಗಿದೆ. ಸೊನ್ನೆ ಬರೆಯಲು ಮೊಮ್ಮಗಳು ಒಪ್ಪಲಿಲ್ಲ. ಪೆನ್ನು ಇಸಕೊಂಡು ನಾನೇ ಬರೆದೆ.