ಕರಟದ ಇದ್ದಿಲು, ಎಂಟು ದಿನದ ಲೆಕ್ಕ

ಮೂವತ್ತು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಪರಮಾಣು ಪಾಠ ಬಂದಾಗಲೆಲ್ಲ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: "ಸಾರ್, ನಮ್ಮ ಕೈಗಾದಲ್ಲೂ ಚೆರ್ನೋಬಿಲ್ ತರಹ ಆದರೆ?" ‘ಹಾಗೇನೂ ಆಗೋದಿಲ್ಲ, ಕೂತ್ಕೋ’ ಎಂದುಬಿಡುವುದು ಸುಲಭ. ಆದರೆ ಅದು ಉತ್ತರವಲ್ಲ.

1986ರ ಏಪ್ರಿಲ್ 26ರಂದು ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರ ಸಿಡಿದಾಗ ಗಾಳಿಗೆ ಸೇರಿದ ವಸ್ತುಗಳಲ್ಲಿ ಅಯೋಡಿನ್-131 ಕೂಡ ಒಂದು. ಅದು ಹುಲ್ಲಿನ ಮೇಲೆ ಕೂತಿತು, ಹಸುವಿನ ಹಾಲಿಗೆ ಇಳಿಯಿತು, ಹಾಲು ಕುಡಿದ ಮಕ್ಕಳ ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ಮನೆ ಮಾಡಿತು. ಅಂದು ಮಕ್ಕಳಾಗಿದ್ದವರಲ್ಲಿ 2005ರೊಳಗೆ 6,000ಕ್ಕೂ ಹೆಚ್ಚು ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಕಾಣಿಸಿತು. ಅದರಲ್ಲಿ ದೊಡ್ಡ ಪಾಲು ಈ ಅಯೋಡಿನ್ನಿನ ದೆಸೆಯಿಂದ.

ಇಂಥ ಅಯೋಡಿನ್ ಹೊರಬೀಳದಂತೆ ಹಿಡಿಯುವುದು ಏನು ಗೊತ್ತೆ? ಇದ್ದಿಲು! ಅದೂ ಹೆಚ್ಚಾಗಿ ತೆಂಗಿನ ಕರಟವನ್ನು ಸುಟ್ಟು, ಬಿಸಿ ಹಬೆಯಲ್ಲಿ ಹದಗೊಳಿಸಿದ ಇದ್ದಿಲು. ಅದರ ಒಂದು ಗ್ರಾಮಿನೊಳಗಿನ ಸೂಕ್ಷ್ಮರಂಧ್ರಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನು! ಉತ್ತರ ಕನ್ನಡದ ಕೈಗಾದಂಥ ಸ್ಥಾವರಗಳಲ್ಲಿ, ಅಪಘಾತವಾದರೆ ಕಟ್ಟಡದೊಳಗಿನ ಗಾಳಿಯನ್ನು ಇದ್ದಿಲಿನ ಪದರಗಳ ಮೂಲಕ ಹಾಯಿಸುವ ವ್ಯವಸ್ಥೆ ಇರುತ್ತದೆ.

ಬರಿಯ ಇದ್ದಿಲು ಸಾಲದು. ಅಯೋಡಿನ್ ಕೆಲವೊಮ್ಮೆ ಮೀಥೈಲ್ ಅಯೊಡೈಡ್ ಎಂಬ ಆವಿಯಾಗುತ್ತದೆ. ತೇವದ ಗಾಳಿಯಲ್ಲಿ ಇದು ಇದ್ದಿಲಿನಿಂದ ನುಣುಚಿಕೊಳ್ಳುತ್ತದೆ. ಅದಕ್ಕೇ ಇದ್ದಿಲಿಗೆ ಮೊದಲೇ ಪೊಟ್ಯಾಸಿಯಂ ಅಯೊಡೈಡ್ ಉಣಿಸಿರುತ್ತಾರೆ. ಬಂದ ವಿಕಿರಣಶೀಲ ಅಯೋಡಿನ್ ಅಲ್ಲಿರುವ ಸಾಧಾರಣ ಅಯೋಡಿನ್ನಿನೊಡನೆ ಜಾಗ ಬದಲಿಸಿಕೊಂಡು ಅಲ್ಲೇ ಉಳಿಯುತ್ತದೆ. ನಿರುಪದ್ರವಿ ಅಯೋಡಿನ್ ಹೊರಗೆ ಹೋಗುತ್ತದೆ.

ಇನ್ನು ಉಳಿದದ್ದು ಕಾಯುವ ಕೆಲಸ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ಇದನ್ನು ಕಲಿಸುವಾಗ ನಾನು ಮಕ್ಕಳ ಕೈಗೆ ಕಾಗದ ಕೊಟ್ಟು, ಅರ್ಧ, ಅದರಲ್ಲರ್ಧ ಎಂದು ಹರಿಯಲು ಹೇಳುತ್ತೇನೆ. ಹತ್ತನೆಯ ಸಲಕ್ಕೆ ಉಳಿಯುವುದು 1,024ರಲ್ಲಿ ಒಂದು ಚೂರು. ಇದ್ದಿಲು 80 ದಿನ ಹಿಡಿದಿಟ್ಟುಕೊಂಡರೆ ಅಯೋಡಿನ್ನಿನ ಗತಿಯೂ ಅಷ್ಟೇ.

ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಇದ್ದಿಲಿಗೂ ಮುಪ್ಪುಂಟು. ತೇವವನ್ನೂ ಬಣ್ಣದ ಆವಿಯನ್ನೂ ಹೀರಿ ಅದರ ಶಕ್ತಿ ಕುಂದುತ್ತದೆ. ಕಾಲಕಾಲಕ್ಕೆ ಪರೀಕ್ಷಿಸಿ ಬದಲಿಸಬೇಕು. ಅಲ್ಲದೆ, ಗಾಳಿ ಇದ್ದಿಲಿನ ಮೂಲಕ ಹಾದರೆ ತಾನೆ ಫಲ? ಚೆರ್ನೋಬಿಲ್‌ನಲ್ಲಿ ಚಾವಣಿಯೇ ಹಾರಿಹೋಗಿತ್ತು.

ಆದ್ದರಿಂದ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಯರಿಗೂ ನಾನು ಹೇಳುವುದಿಷ್ಟು. ‘ಅಪಾಯವುಂಟೇ?’ ಎಂದರೆ ಯಾರು ಬೇಕಾದರೂ ‘ಇಲ್ಲ’ ಎಂದುಬಿಡಬಹುದು. ‘ಇದ್ದಿಲನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ? ಅದು ನೂರರಲ್ಲಿ ಎಷ್ಟು ಹಿಡಿಯಿತು?’ ಎಂದು ಕೇಳಿ. ಆಗ ತಾರೀಖು ಹೇಳಬೇಕಾಗುತ್ತದೆ, ಅಂಕಿ ಕೊಡಬೇಕಾಗುತ್ತದೆ.