ಚೌಳು ನೆಲ

ಕಲಾ ಕಾಲೇಜಿನ ಅಂತಿಮ ತರಗತಿಯಲ್ಲಿ ಚರಿತ್ರೆ, ಭೂಗೋಳ ಓದುತ್ತಿರುವವನು ಮಂಗಳಗ್ರಹದ ವಿಚಾರವನ್ನು ಕೈಗೆತ್ತಿಕೊಂಡುದಕ್ಕೆ ಮಿತ್ರರು ನಗಬಹುದು. ನಗಲಿ. ನಾನು ಬರೆಯಹೊರಟಿರುವುದು ಉಪ್ಪಿನ ಮಾತು. ಉಪ್ಪಿನ ಮಾತನಾಡಲು ನನಗೆ ವಂಶಪಾರಂಪರ್ಯವಾಗಿ ಬಂದ ಹಕ್ಕೊಂದುಂಟು. ನಮ್ಮದು ಉಪ್ಪಾರರ ಮನೆ.

ಕಡಲಿಗೆ ದೂರವಾದ ಮೈಸೂರು ಸೀಮೆಯಲ್ಲಿ ನಮ್ಮವರು ಮಾಡುತ್ತಿದ್ದುದು ಮಣ್ಣುಪ್ಪು. ಬೇಸಗೆಯಲ್ಲಿ ಚೌಳು ನೆಲದ ಮೇಲೆ ಬೆಳ್ಳಗೆ ಹೂತು ನಿಲ್ಲುವ ಮಣ್ಣನ್ನು ಕೆರೆದು ಗುಡ್ಡೆಮಾಡಿ, ತೊಟ್ಟಿಗೆ ತುಂಬಿ, ನೀರು ಹೊಯ್ದು, ಬಸಿದು ಬಂದ ರಸವನ್ನು ಬಿಸಿಲಿಗೆ ಬಿಟ್ಟರೆ ಉಪ್ಪಾಗುತ್ತಿತ್ತು. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ೧೮೦೦ರಲ್ಲಿ, ಈ ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಸಾಹೇಬನು ಮಣ್ಣಿನಿಂದ ಉಪ್ಪು ತೆಗೆಯುವ ಕಸುಬನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಈಗ ಆ ಕಸುಬು ಹೋಗಿದೆ, ಹೆಸರು ಮಾತ್ರ ಉಳಿದಿದೆ. ನನ್ನ ತಾತ ಮಣ್ಣು ಹೊತ್ತರು, ಗೋಡೆ ಕಟ್ಟಿದರು. ಅಪ್ಪ ಕೂಡಿಟ್ಟ ಕೂಲಿಯಲ್ಲಿ ಚಿಕ್ಕಯ್ಯನಛತ್ರದ ಬಳಿ ಒಂದೂವರೆ ಎಕರೆ ಕೊಂಡರು.

ವಿಧಿಯ ವಿನೋದ ನೋಡಿ: ಅದರಲ್ಲಿ ನಾಲೆಯ ತಗ್ಗಿನಲ್ಲಿರುವ ಅರ್ಧ ಎಕರೆ ಚೌಳಾಗಿದೆ! ನಾಲೆಯ ನೀರು ಬಸಿದುಹೋಗಲು ದಾರಿಯಿಲ್ಲದಿದ್ದರೆ ಅಂತರ್ಜಲ ಮೇಲೇರುತ್ತದೆ. ಬಿಸಿಲು ನೀರನ್ನು ಹೀರಿಕೊಂಡು ಉಪ್ಪನ್ನು ನೆಲದ ಮೇಲೆ ಬಿಟ್ಟುಹೋಗುತ್ತದೆ. ಭತ್ತದ ಪೈರು ಗೇಣುದ್ದ ಬಂದು ತುದಿ ಸುಟ್ಟುಕೊಳ್ಳುತ್ತದೆ. ಊರಿನವರು ಅದನ್ನು 'ಸತ್ತ ಮಣ್ಣು' ಎನ್ನುತ್ತಾರೆ. ಕಳೆದ ವರ್ಷ ಇಟ್ಟಿಗೆ ಸುಡುವವನೊಬ್ಬನು ಬಂದು ಆ ಮಣ್ಣನ್ನು ಕೇಳಿದ. ಮೇಲಿನ ಬಿಳಿಯ ಪದರ ಅವನಿಗೆ ಬೇಡ, ಇಟ್ಟಿಗೆ ಕೆಡುತ್ತದಂತೆ. ಅದನ್ನು ಕೆರೆದೆಸೆದು ಮೂರಡಿ ಆಳಕ್ಕೆ ಅಡಿಯ ಮಣ್ಣನ್ನು ಒಯ್ಯುವನು. ಬರುವ ಹಣದಿಂದ ನನ್ನ ಬಿ.ಎಡ್. ಓದು ನಡೆದೀತೆಂದು ಅಣ್ಣನ ಲೆಕ್ಕ. ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಹೀಗಿರುವಾಗ ಭೂಗೋಳದ ತರಗತಿಯಲ್ಲಿ ಚಿಲಿ ದೇಶದ ಅಟಕಾಮ ಮರುಭೂಮಿಯ ಪಾಠ ಬಂತು. ಪುಸ್ತಕಭಂಡಾರದಲ್ಲಿ ಮುಂದೆ ಓದಿದಾಗ ಸೋಜಿಗವೆನಿಸಿತು. ವರ್ಷಗಟ್ಟಲೆ ಮಳೆಯನ್ನೇ ಕಾಣದ ಯುಂಗಾಯ್ ಎಂಬಲ್ಲಿ ನೆಲದ ಮೇಲೆ ಉಪ್ಪಿನ ಗಡ್ಡೆಗಳಿವೆ. ಅಂಥ ಗಡ್ಡೆಯನ್ನು ಒಡೆದು ನೋಡಿದವರಿಗೆ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಕೆಳಗೆ ಜೀವಂತವಾದ ನೀಲಿ-ಹಸಿರು ಪಾಚಿ ಸಿಕ್ಕಿತು. ೨೦೦೬ರಲ್ಲಿ ಇದು ಪ್ರಕಟವಾಯಿತು. ನೀರೆಲ್ಲಿಯದು? ಗಾಳಿಯ ತೇವಾಂಶವು ನೂರಕ್ಕೆ ಎಪ್ಪತ್ತೈದರಷ್ಟಾದಾಗ ಉಪ್ಪು ತಾನೇ ಅದನ್ನು ಹೀರಿ ನೀರೊಡೆಯುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಮಡಕೆ ಬೆವರುವುದನ್ನು ನಮ್ಮ ತಾಯಂದಿರೆಲ್ಲ ಕಂಡಿದ್ದಾರೆ; ಮರುಭೂಮಿಯಲ್ಲಿ ಆ ಬೆವರೇ ಒಂದು ಜೀವಕ್ಕೆ ಸಾಕಾಯಿತು. ಉಪ್ಪು ಬೆಳಕನ್ನು ಒಳಗೆ ಬಿಡುತ್ತದೆ, ಉರಿಬಿಸಿಲನ್ನು ತುಸು ತಡೆಯುತ್ತದೆ. ಹರಳುಗಟ್ಟುವಾಗ ಹನಿ ನೀರನ್ನು ತನ್ನೊಳಗೆ ಸೆರೆಹಿಡಿದು ಕಾಪಾಡುವುದೂ ಉಂಟು. ಆಸ್ಟ್ರೇಲಿಯದಲ್ಲಿ ೮೩ ಕೋಟಿ ವರ್ಷ ಹಳೆಯದಾದ ಉಪ್ಪಿನ ಹರಳಿನೊಳಗಿನ ಹನಿಗಳಲ್ಲಿ ಸೂಕ್ಷ್ಮಜೀವಿಗಳನ್ನು ಹೋಲುವ ಕಣಗಳು ಕಂಡವೆಂದು ೨೦೨೨ರಲ್ಲಿ ವರದಿಯಾಯಿತು. ನಮ್ಮ ಅಜ್ಜಿ ಉಪ್ಪಿನಕಾಯಿ ಎರಡು ವರ್ಷ ಕೆಡಲಿಲ್ಲವೆಂದು ಹಿಗ್ಗುತ್ತಿದ್ದರು!

ಮಂಗಳದಲ್ಲಿಯೂ ಇಂಥ ಉಪ್ಪಿನ ನೆಲಗಳುಂಟು. ಒಡಿಸ್ಸಿ ಎಂಬ ನೌಕೆಯ ಚಿತ್ರಗಳಿಂದ ಇನ್ನೂರರಷ್ಟು ಕಡೆ ಅವನ್ನು ಗುರುತಿಸಿದ ಸಂಗತಿ ೨೦೦೮ರಲ್ಲಿ ಬೆಳಕಿಗೆ ಬಂತು. ಉಪ್ಪು ಉಳಿದಿದೆಯೆಂದರೆ ಒಮ್ಮೆ ನೀರು ನಿಂತು ಇಂಗಿತೆಂದೇ ಅರ್ಥ. ಆದಕಾರಣ ಅಲ್ಲಿ ಏನನ್ನು, ಹೇಗೆ ಹುಡುಕಬೇಕೆಂಬುದನ್ನು ಇಲ್ಲಿಯ ಮರುಭೂಮಿಗಳಲ್ಲಿ ಮೊದಲು ಅಭ್ಯಾಸ ಮಾಡುತ್ತಾರೆ. ಮಂಗಳದ ಉಪ್ಪಿನಲ್ಲಿ ಜೀವದ ಕುರುಹು ಇದುವರೆಗೆ ಸಿಕ್ಕಿಲ್ಲವೆಂಬುದನ್ನೂ ಹೇಳಬೇಕು. ಪತ್ರಿಕೆಗಳು ಕೆಲವೊಮ್ಮೆ ಸಿಕ್ಕೇಬಿಟ್ಟಿತೆಂಬಂತೆ ಬರೆಯುತ್ತವೆ, ಅದು ನನಗೆ ಹಿಡಿಸದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು. ಮಳೆ ಬಿದ್ದ ವಾರಕ್ಕೆ ನಮ್ಮ ಸತ್ತ ಮಣ್ಣಿನ ಮೇಲೂ ಹಸಿರುಗಪ್ಪಾದ ಲೋಳೆಯೊಂದು ಹಬ್ಬುತ್ತದೆ. ಚಿಕ್ಕಂದಿನಲ್ಲಿ ಅದರ ಮೇಲೆ ಜಾರುತ್ತಿದ್ದೆವು. ಅದೂ ಇದೇ ಪಾಚಿಯ ಕುಲದ್ದು! ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಆರ್. ಎನ್. ಸಿಂಗ್ ಎಂಬ ವಿದ್ವಾಂಸರು ೧೯೫೦ರಲ್ಲಿಯೇ ಇದರ ವಿಚಾರವಾಗಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಉತ್ತರದೇಶದ ಊಸರ ಭೂಮಿಗೆ ಬದು ಕಟ್ಟಿ, ಮಳೆನೀರು ನಿಲ್ಲಿಸಿ, ಈ ಪಾಚಿಯನ್ನು ಬೆಳೆಯಗೊಟ್ಟರೆ ಮಣ್ಣಿನ ಕ್ಷಾರ ತಗ್ಗಿ ಸಾರಜನಕ ಸೇರಿ ನೆಲ ಸುಧಾರಿಸುವುದೆಂದು ಅವರು ತೋರಿಸಿದರು. ಇಟ್ಟಿಗೆಯವನು ಬೇಡವೆಂದು ಕೆರೆದೆಸೆಯುವ ಪದರದಲ್ಲಿಯೇ ಆ ಜೀವ ಇರುವುದು.

ದಸರೆಯ ರಜೆಯಲ್ಲಿ ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಮಂಗಳದ ಸುದ್ದಿ ಕೇಳಿ ಅಣ್ಣ ನಕ್ಕ, ನನ್ನ ಬಿ.ಎಡ್. ಶುಲ್ಕವನ್ನು ಪಾಚಿ ಕಟ್ಟುವುದೇ ಎಂದ. ನ್ಯಾಯವಾದ ಪ್ರಶ್ನೆ, ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ಮಾತ್ರ ಸಿಂಗರ ಬದುವಿನ ಸಂಗತಿಯನ್ನು ಎರಡು ಸಲ ಹೇಳಿಸಿಕೊಂಡರು. ಬದು ಎಷ್ಟು ಎತ್ತರ, ಬಸಿಗಾಲುವೆ ಯಾವ ಮಗ್ಗುಲಿಗೆ ಎಂದು ಕೇಳಿದರು. "ಮಣ್ಣು ಹೊರುವುದು ನಮಗೇನು ಹೊಸದೆ?" ಎಂದು ಎದ್ದುಹೋದರು.

ಇಟ್ಟಿಗೆಯವನು ಯುಗಾದಿ ಕಳೆದ ಮೇಲೆ ಬರುವುದಾಗಿ ಹೇಳಿ ಕಳುಹಿಸಿದ್ದಾನೆ. ಕಳೆದ ಭಾನುವಾರ ಊರಿಗೆ ಹೋದಾಗ ಅರ್ಧ ಎಕರೆಯ ಮೂರು ಮಗ್ಗುಲಿಗೆ ಬದು ಎದ್ದಿತ್ತು. ನಾಲ್ಕನೆಯದನ್ನು ಅಪ್ಪ ಇನ್ನೂ ಹಾಕಿಲ್ಲ.